ಬ್ರೇಕ್ ಒತ್ತಿದರೆ ಇಂಡಿಕೇಟರ್ ಹೊತ್ತುವ ಜೀಪು

ಈ ವಾರದ ಟಿಪ್ಪಣಿ ಜೀಪಿನದ್ದು. ಅಡಿಕೆ, ಕಾಳುಮೆಣಸು ಓದಲಿಕ್ಕೆ ಬಂದವರು ಬೇಜಾರು ಮಾಡ್ಕೊಳ್ಳಬೇಡಿ, ಕಡೆಗೆ ಮೈಲುತುತ್ತದ ವಿಷಯವೂ ಬರ್ತದೆ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನಲ್ಲಿ ಹೆದ್ದಾರಿ ಬಿಟ್ಟು ನಾಲ್ಕೈದು ಕಿಲೋಮೀಟರ್ ಗುಡ್ಡದ ಬುಡಕ್ಕೆ ಹೋದರೆ ಪ್ರತಿ ಕೇರಿಯಲ್ಲೂ ಒಂದು ಹಳೇ ಜೀಪೋ, ಟ್ರ್ಯಾಕ್ಸೋ, ಟೆಂಪೋವೋ ಇದ್ದೇ ಇರ್ತದೆ. ಇಂಜಿನ್ ಗಟ್ಟಿ ಇರ್ತದೆ, ಗೇರು ಗಟ್ಟಿ ಇರ್ತದೆ. ಲೈಟು ಮಾತ್ರ ದೇವರಿಗೇ ಪ್ರೀತಿ. ಒಂದು ದಿನ ಉರಿದರೆ ಎರಡು ದಿನ ಇಲ್ಲ. ಮಿರ್ಗದ ಮಳೆಗೆ ಇನ್ನು ಹೆಚ್ಚು ದಿನ ಇಲ್ಲದ ಕಾರಣ ಈಗಲೇ ಬರೀತಾ ಇದ್ದೇನೆ.

ನಮ್ಮದು 1983ರ ಮಹೀಂದ್ರಾ ಜೀಪು, ಡೀಸೆಲ್. ಅಪ್ಪ ತಂದದ್ದು. ಎತ್ತರದ ಬಾನೆಟ್ಟಿನ ಆ ಮುಖ ನೋಡಿದರೆ ನಿಮಗೆಲ್ಲ ಗುರುತು ಸಿಗ್ತದೆ. ಈ ಆಕಾರ ಮೊದಲು ಬಂದದ್ದು ಅಮೆರಿಕದಲ್ಲಿ, 1953ರ ವಿಲ್ಲೀಸ್ ಸಿಜೆ-3ಬಿ ಜೀಪಿನಲ್ಲಿ. ಅಲ್ಲಿ 1968ಕ್ಕೆ ನಿಂತಿತು, ನಮ್ಮಲ್ಲಿ ಮಹೀಂದ್ರಾದವರು ಅದರ ನಂತರವೂ ಬಹಳ ವರ್ಷ ಇದೇ ಆಕಾರದಲ್ಲಿ ಮಾಡಿದರು. ಹಾಗಾಗಿ ಯಾವ ಸಾಮಾನು ಬೇಕಾದರೂ ಇವತ್ತಿಗೂ ಸಿಗ್ತದೆ. ಆದರೆ ವೈರಿಂಗ್ ಅಂಗಡಿಯಲ್ಲಿ ಕೊಂಡು ತಂದು ಬೋಲ್ಟು ಬಿಗಿಯುವ ವಸ್ತುವಲ್ಲ. ನಲವತ್ತು ವರ್ಷದಲ್ಲಿ ಹತ್ತು ಜನ ಕೈ ಹಾಕಿದ ಮೇಲೆ ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ಜೀಪಿಗೂ ಗೊತ್ತಿಲ್ಲ.

ಮಗ ಹೇಳ್ತಾನೆ, ಕೊಟ್ಟುಬಿಡು ಅಪ್ಪ, ಗುಜರಿಗಾದರೂ ಒಳ್ಳೇ ದರ ಇದೆ. ನಾನು ಕೊಡದೇ ಇರುವುದಕ್ಕೆ ಕಾರಣ ಪ್ರೀತಿ ಒಂದೇ ಅಲ್ಲ. ನಮ್ಮ ಮನೆಯಿಂದ ಮೇಲೆ ಒಂಬತ್ತು ಮನೆ ಇದೆ. ಡಾಂಬರು ನಮ್ಮ ಅಂಗಳದ ಹತ್ತಿರ ಮುಗೀತದೆ, ಅಲ್ಲಿಂದ ಮೇಲೆ ಕೆಂಪು ಮಣ್ಣು, ಎರಡು ಹಳ್ಳ. ಜೂನ್‌ನಿಂದ ಅಕ್ಟೋಬರ್ ತನಕ ಆ ದಾರಿಯಲ್ಲಿ ಕಾರು, ರಿಕ್ಷಾ ಯಾವುದೂ ಹತ್ತುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಗಾಡಿ ಅಂತ ಇರುವುದು ಇದೊಂದೇ. ರಾತ್ರಿ ಯಾರಿಗೆ ಎಂತ ಆದರೂ ಮೊದಲು ಫೋನ್ ಬರುವುದು ನಮ್ಮ ಮನೆಗೆ. ಹಾವು ಕಚ್ಚಿದ್ದು, ಹೆರಿಗೆ, ಮರದಿಂದ ಬಿದ್ದದ್ದು, ಎಲ್ಲ ಈ ಜೀಪಿನಲ್ಲೇ ಹೋಗಿದೆ.

ಕಳೆದ ವರ್ಷ ಜುಲೈಯಲ್ಲಿ ಹಾಗೇ ಒಂದು ರಾತ್ರಿ. ನಮ್ಮ ತೋಟದ ಕೊನೆಗೌಡನ ತಾಯಿಗೆ ಉಸಿರು ಕಟ್ಟುವ ಹಾಗೆ ಆಯ್ತು. ಹನ್ನೊಂದೂವರೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವ್ವ, ಮಗ, ಸೊಸೆ. ಮಳೆ ಎಂಥದು ಅಂದ್ರೆ ವೈಪರ್ ಒರೆಸಿದ್ದು ಕಾಣುವುದರೊಳಗೆ ಮತ್ತೆ ನೀರು. ಗೇರುಸೊಪ್ಪ ರಸ್ತೆಗೆ ಇಳಿದು ಹೊನ್ನಾವರದ ಕಡೆ ತಿರುಗಿ ಎರಡು ತಿರುವು ಕಳೆದಿರಬೇಕು, ರಸ್ತೆಗೆ ಅಡ್ಡ ಒಂದು ಮರದ ಹೆರೆ ಬಿದ್ದಿತ್ತು. ಬ್ರೇಕ್ ಹಾಕಿದೆ. ಹಿಂದಿನಿಂದ ಘಾಟಿ ಇಳಿದು ಬಂದ ಲಾರಿ ಕರ್ಕಶವಾಗಿ ಹಾರನ್ ಮಾಡ್ತಾ ನಮ್ಮ ಪಕ್ಕಕ್ಕೆ ಬಂದು, ಅರ್ಧ ಮಣ್ಣಿಗೆ ಇಳಿದು ನಿಂತಿತು. ಡ್ರೈವರ್ ಕಿಟಕಿಯಿಂದಲೇ ಕೂಗಿದ, "ಬ್ರೇಕ್ ಹಾಕಿದ್ದೇ ಗೊತ್ತಾಗ್ಲಿಲ್ಲ ಮಾರಾಯ, ಹಿಂದೆ ಎರಡು ಬೆಂಕಿಕಡ್ಡಿ ಹಚ್ಚಿದ ಹಾಗಿದೆ ನಿಮ್ಮ ಲೈಟು!" ಅವನದ್ದು ತಪ್ಪಿಲ್ಲ. ನಮ್ಮ ಹಿಂದಿನ ಸೀಟಿಗೂ ಅವನ ಬಂಪರಿಗೂ ಎಷ್ಟು ದೂರ ಇತ್ತು ಅಂತ ನಾನು ಇಳಿದು ನೋಡಲಿಲ್ಲ.

ಅವ್ವನನ್ನು ತಾಲೂಕಾಸ್ಪತ್ರೆಗೆ ಮುಟ್ಟಿಸಿದೆವು, ನಾಲ್ಕು ದಿನಕ್ಕೆ ಮನೆಗೆ ಬಂದಳು, ಈಗ ಅಡ್ಡಿಲ್ಲ. ಆದರೆ ಹಿಂದಿನ ದಿನವೇ ನಮ್ಮ ಅಂಗಳದಲ್ಲಿ ಬ್ರೇಕ್ ಲೈಟ್ ಸರಿಯಾಗಿ ಹೊತ್ತಿದ್ದನ್ನು ನಾನೇ ಕಂಡಿದ್ದೆ. ಒಣಗಿದಾಗ ಉರಿದು ಒದ್ದೆಯಾದಾಗ ಕೈಕೊಡುವ ಲೈಟು ಪೂರ್ತಿ ಕೆಟ್ಟ ಲೈಟಿಗಿಂತ ಅಪಾಯ. ಅದಕ್ಕೇ ಮಳೆ ಹೊಳವಾದ ಒಂದು ವಾರ ಕೂತು ಇಡೀ ವೈರಿಂಗ್ ಹಿಡಿದೆ. ಕುಮಟಾ ಕಡೆಯ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಎರಡು ದಿನ ಬಂದು ಕಲಿಸಿಕೊಟ್ಟ, ಉಳಿದದ್ದು ನಾನೇ ಮಾಡಿದ್ದು.

ಕೈಯಲ್ಲಿ ಇರಬೇಕಾದ್ದು

ಹೆಚ್ಚೇನೂ ಬೇಡ. ಒಂದು ಸಾದಾ ಮಲ್ಟಿಮೀಟರ್. ಒಂದು 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಹೋಲ್ಡರ್ ಹಾಕಿ, ಎರಡು ಉದ್ದ ತಂತಿ, ತುದಿಗೆ ಕ್ಲಿಪ್ ಕಟ್ಟಿದ ಟೆಸ್ಟ್ ಲ್ಯಾಂಪ್. ಮರಳು ಕಾಗದ, ತಂತಿ ಬ್ರಷ್, ಒಳ್ಳೇ ಲಗ್ಗುಗಳು, ಲಗ್ಗು ಒತ್ತುವ ಇಕ್ಕಳ, ಬಿಸಿಗೆ ಮುದುಡುವ ಕೊಳವೆ, ಸ್ವಲ್ಪ ವ್ಯಾಸಲೀನ್. ಒಂದು ನೋಟ್‌ಬುಕ್ಕೂ ಬೇಕು. ಯಾವ ಬಣ್ಣದ ತಂತಿ ಎಲ್ಲಿಗೆ ಹೋಯ್ತು ಅಂತ ಬರೆಯದಿದ್ದರೆ ಸಂಜೆಗೆ ತಲೆ ಕೆಡ್ತದೆ.

ಬಣ್ಣವನ್ನು ನಂಬಬೇಡಿ. ಕಂಪನಿಯವರು ಹಾಕಿದ ಬಣ್ಣಕ್ಕೆ ಒಂದು ಕ್ರಮ ಇತ್ತು, ಮಧ್ಯೆ ಕೈ ಹಾಕಿದವರಿಗೆ ಅಂಗಡಿಯಲ್ಲಿ ಸಿಕ್ಕಿದ್ದೇ ಬಣ್ಣ. ನಮ್ಮ ಜೀಪಿನಲ್ಲಿ ಬ್ರೇಕ್ ಲೈಟಿನ ತಂತಿ ಡ್ಯಾಶ್‌ಬೋರ್ಡಿನ ಹತ್ತಿರ ಹಸಿರು, ನಡುವೆ ಹಳದಿ, ಹಿಂದೆ ಹೋಗುವಾಗ ಮನೆ ವೈರಿಂಗಿನ ಕೆಂಪು.

ಶುರು ಮಾಡುವ ಮೊದಲು ಬ್ಯಾಟರಿಯ ಯಾವ ಕಡೆ ಚಾಸಿಗೆ ಕಟ್ಟಿದೆ ನೋಡಿ. ನಮ್ಮದರಲ್ಲಿ ನೆಗೆಟಿವ್. ಬ್ರಿಟಿಷ್ ಮೂಲದ ಕೆಲವು ಹಳೇ ಗಾಡಿಗಳಲ್ಲಿ ಪಾಸಿಟಿವ್ ಚಾಸಿಗೆ ಇರ್ತಿತ್ತು. ತಂತಿ ಬಿಚ್ಚಿ ಜೋಡಿಸುವ ಕೆಲಸಕ್ಕೆ ಮೊದಲು ಚಾಸಿಗೆ ಕಟ್ಟಿದ ಆ ಕಡೆಯ ಕೇಬಲ್ ಬಿಚ್ಚಿಡಿ.

ಮೊದಲನೇ ದೋಷ: ಮೀಟರಿನಲ್ಲಿ 12, ಬಲ್ಬಿನಲ್ಲಿ ಕತ್ತಲೆ

ಹಳೇ ಜೀಪಿನಲ್ಲಿ ಬ್ರೇಕ್ ಲೈಟಿನ ಸ್ವಿಚ್ಚು ಬ್ರೇಕ್ ಆಯಿಲಿನ ಒತ್ತಡದಿಂದ ಕೆಲಸ ಮಾಡ್ತದೆ. ಮೊದಲು ಅನುಮಾನ ಬಂದದ್ದು ಅದರ ಮೇಲೆ. ಅದನ್ನು ನೋಡುವುದು ಸುಲಭ. ಸ್ವಿಚ್ಚಿನ ಎರಡೂ ತಂತಿ ಬಿಚ್ಚಿ ಒಂದಕ್ಕೊಂದು ತಾಗಿಸಿ. ಆಗ ಲೈಟು ಹೊತ್ತಿದರೆ ಸ್ವಿಚ್ಚು ಹೋಗಿದೆ, ಹೊತ್ತದಿದ್ದರೆ ದೋಷ ಅದರಾಚೆ. ನಮ್ಮದು ಹೊತ್ತಲಿಲ್ಲ.

ಹಿಂದೆ ಹೋಗಿ ಬಲ್ಬು ತೆಗೆದು ಹೋಲ್ಡರಿಗೆ ಮೀಟರ್ ಹಿಡಿದೆ. 12.4 ವೋಲ್ಟ್. ಪೂರ್ತಿ ಇದೆ! ಬಲ್ಬು ಬದಲಿಸಿದೆ, ಹೊಸದೂ ಉರಿಯಲಿಲ್ಲ. ಇಲ್ಲೇ ಬಹಳ ಜನ ತಲೆ ಕೆಡಿಸಿಕೊಂಡು ಬಿಡ್ತಾರೆ. ಎಲೆಕ್ಟ್ರಿಷಿಯನ್ ಹೇಳಿದ, "ಖಾಲಿ ಹೋಲ್ಡರಿಗೆ ಮೀಟರ್ ಹಿಡೀಬೇಡಿ, ಬಲ್ಬ್ ಹಾಕಿ ಹಿಡೀರಿ." ಬಲ್ಬ್ ಹಾಕಿ ಬ್ರೇಕ್ ಒತ್ತಿಸಿ ನೋಡಿದರೆ ಮೂರು ವೋಲ್ಟಿನ ಆಸುಪಾಸು.

ಇದನ್ನು ತೋಟದ ಪೈಪಿನ ಲೆಕ್ಕದಲ್ಲಿ ನೋಡಿದರೆ ತಕ್ಷಣ ಗೊತ್ತಾಗ್ತದೆ. ಪೈಪಿನಲ್ಲಿ ಕಸ ಕಟ್ಟಿದೆ ಅಂತ ಇಟ್ಕೊಳ್ಳಿ. ಎಲ್ಲ ಜೆಟ್ ಬಂದ್ ಮಾಡಿ ತುದಿಗೆ ಒತ್ತಡದ ಮೀಟರ್ ಹಿಡಿದರೆ ಪೂರ್ತಿ ಒತ್ತಡ ತೋರಿಸ್ತದೆ, ಯಾಕಂದ್ರೆ ನೀರು ಹರೀತಾ ಇಲ್ಲ. ಜೆಟ್ ಬಿಟ್ಟ ಕೂಡಲೇ ಒತ್ತಡ ಬಿದ್ದುಹೋಗ್ತದೆ. ತಂತಿಯೂ ಹಾಗೇ. ಮೀಟರಿಗೆ ಬೇಕಾಗುವ ಕರೆಂಟು ಲೆಕ್ಕಕ್ಕಿಲ್ಲದಷ್ಟು ಸಣ್ಣದು, ತಂತಿಯ ಒಂದು ಎಳೆ ಉಳಿದಿದ್ದರೂ ಅದು 12 ತೋರಿಸ್ತದೆ. 21 ವ್ಯಾಟಿನ ಬಲ್ಬು ಎರಡು ಸೇರಿದರೆ ಮೂರೂವರೆ ಆಂಪಿಯರ್ ಬೇಕು, ಅದು ಒಂದು ಎಳೆಯಲ್ಲಿ ಬರುವುದಿಲ್ಲ.

ತಂತಿ ಹಿಡಿದು ಮುಂದೆ ಬಂದೆ. ಚಾಸಿಯ ಒಳಮೈಯಲ್ಲಿ, ಹಿಂದಿನ ಚಕ್ರದ ನೀರು ನೇರ ಹೊಡೆಯುವ ಜಾಗದಲ್ಲಿ, ಯಾರೋ ಒಬ್ಬ ಪುಣ್ಯಾತ್ಮ ಎರಡು ತಂತಿ ಹೊಸೆದು ಕರಿ ಟೇಪು ಸುತ್ತಿದ್ದ. ಟೇಪು ಬಿಚ್ಚಿದರೆ ಹಸಿರು ಪುಡಿ ಉದುರಿತು. ಒಳಗೆ ಮೂರೋ ನಾಲ್ಕೋ ಎಳೆ ಉಳಿದಿತ್ತು. ಒಣಗಿದ್ದಾಗ ಅವು ಒಂದಕ್ಕೊಂದು ತಾಗಿ ಹೇಗೋ ಲೈಟು ಹೊತ್ತುತ್ತಿತ್ತು, ಮಳೆಯಲ್ಲಿ ಕುಲುಕಿದರೆ ಇಲ್ಲ. ಟೇಲ್ ಲೈಟಿನ ತಂತಿ ಬೇರೆ, ಅದು ಸರಿ ಇತ್ತು. ಆ ಲಾರಿಯವನಿಗೆ ಕಂಡ ಬೆಂಕಿಕಡ್ಡಿ 5 ವ್ಯಾಟಿನ ಆ ಎರಡು ಟೇಲ್ ಲೈಟು ಮಾತ್ರ.

ಟೇಪಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ಮಳೆಯಲ್ಲಿ ಟೇಪು ನೀರು ತಡೆಯುವುದಿಲ್ಲ, ಒಳಗೆ ಹೋದ ನೀರನ್ನು ಹಿಡಿದಿಡ್ತದೆ. ಇನ್ನೊಂದು, ಹಸಿರಾದ ತಂತಿಯ ತುದಿ ಕತ್ತರಿಸಿ ಹೊಸ ಲಗ್ಗು ಹಾಕಿದರೆ ಸಾಲದು. ನೀರು ಎಳೆಗಳ ಸಂದಿಯಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಒಳಗೆ ಏರ್ತದೆ. ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಮತ್ತೂ ಹಿಂದಕ್ಕೆ ಕತ್ತರಿಸಬೇಕು, ಹೊಳೆಯುವ ತಾಮ್ರ ಕಾಣುವ ತನಕ. ನಾನು ಒಂದು ಮೊಳ ಕತ್ತರಿಸಿದರೂ ಕಪ್ಪೇ ಇತ್ತು. ಕಡೆಗೆ ಡ್ಯಾಶ್‌ಬೋರ್ಡಿನಿಂದ ಹಿಂದಿನ ದೀಪದವರೆಗೆ ಇಡೀ ತಂತಿ ಹೊಸತು ಎಳೆದೆ, ನಡುವೆ ಒಂದೂ ಜೋಡಣೆ ಇಲ್ಲದ ಹಾಗೆ.

ಎರಡನೇ ದೋಷ: ಬ್ರೇಕ್ ಹಿಂದೆ, ಬೆಳಕು ಮುಂದೆ

ಹೊಸ ತಂತಿ ಹಾಕಿ ಬ್ರೇಕ್ ಒತ್ತಿದೆ. ಎಡಗಡೆ ಬ್ರೇಕ್ ಲೈಟು ಝಗ್ಗ ಅಂತ ಹೊತ್ತಿತು. ಬಲಗಡೆ ಹೊತ್ತಲಿಲ್ಲ. ಅಷ್ಟರಲ್ಲಿ ಜೀಪಿನ ಎದುರಿಗೆ ನಿಂತ ಮಗ ಹೇಳಿದ, "ಅಪ್ಪ, ಮುಂದಿನ ಬಲಗಡೆ ಇಂಡಿಕೇಟರ್ ಮಿಣುಕ್ತಾ ಇದೆ!" ಇಂಡಿಕೇಟರಿನ ಸ್ವಿಚ್ಚು ಮುಟ್ಟಿರಲಿಲ್ಲ. ಹಿಂದೆ ಬ್ರೇಕ್ ಒತ್ತಿದರೆ ಮುಂದೆ ಇಂಡಿಕೇಟರ್ ಮಂದವಾಗಿ ಕೆಂಪಗೆ ಹೊತ್ತುವುದು! ಭೂತ ಹಿಡಿದದ್ದು ಅಂತ ನಗಾಡಿದೆವು. ಎಲೆಕ್ಟ್ರಿಷಿಯನ್ ಮಾತ್ರ ಜೀಪಿನ ಹತ್ತಿರವೂ ಬಾರದೆ ಕೂತಲ್ಲೇ ಹೇಳಿದ, "ಹಿಂದಿನ ಬಲಗಡೆ ದೀಪದ ಅರ್ಥಿಂಗ್ ಹೋಗಿದೆ."

ಇದು ನಮ್ಮಂಥವರಿಗೆ ಅರ್ಥ ಆಗಲೇಬೇಕಾದ ವಿಷಯ, ಹಳೇ ಗಾಡಿಯ ಅರ್ಧಕ್ಕರ್ಧ ಲೈಟಿನ ತಕರಾರು ಇದರಲ್ಲೇ ಇದೆ. ಮನೆಯಲ್ಲಿ ಬಲ್ಬಿಗೆ ಎರಡು ತಂತಿ ಹೋಗ್ತದೆ. ಗಾಡಿಯಲ್ಲಿ ಹೋಗುವುದು ಒಂದೇ. ಕರೆಂಟು ವಾಪಸ್ ಬರುವುದು ದೀಪದ ತಗಡು, ಬಾಡಿ, ಚಾಸಿಯ ಮೂಲಕ. ಹೋಗುವ ತಂತಿಯನ್ನು ಎಲ್ಲರೂ ನೋಡ್ತಾರೆ, ವಾಪಸ್ ಬರುವ ದಾರಿಯನ್ನು ಯಾರೂ ನೋಡುವುದಿಲ್ಲ.

ತೋಟದಲ್ಲಿ ಬಸಿಗಾಲುವೆ ಕಟ್ಟಿಕೊಂಡರೆ ಎಂತ ಆಗ್ತದೆ? ನೀರು ಸುಮ್ಮನೆ ನಿಲ್ಲುವುದಿಲ್ಲ, ಪಕ್ಕದ ಬರಣದ ಕಡೆ ನುಗ್ಗಿ ಅಲ್ಲಿಂದ ದಾರಿ ಹುಡುಕ್ತದೆ. ಇಲ್ಲಿಯೂ ಹಾಗೇ ಆಗಿದೆ. ಬ್ರೇಕಿನ ಕರೆಂಟು ಬಲಗಡೆ ದೀಪಕ್ಕೆ ಬಂತು, ಬಲ್ಬಿನ ತಂತು ದಾಟಿತು, ಬಾಡಿಗೆ ಇಳಿಯುವ ದಾರಿ ಇಲ್ಲ. ಅದೇ ತಗಡಿಗೆ ಇಂಡಿಕೇಟರ್ ಬಲ್ಬೂ ಕೂತಿದೆ. ಅದರ ಮೂಲಕ ಉಲ್ಟಾ ಹತ್ತಿ, ಇಂಡಿಕೇಟರಿನ ತಂತಿ ಹಿಡಿದು ಮುಂದಕ್ಕೆ ಬಂದು, ಮುಂದಿನ ಬಲಗಡೆ ಇಂಡಿಕೇಟರ್ ದಾಟಿ ಅಲ್ಲಿ ಬಾಡಿಗೆ ಇಳಿಯಿತು. ಮೂರು ಬಲ್ಬು ಸಾಲಾಗಿ 12 ವೋಲ್ಟನ್ನು ಹಂಚಿಕೊಂಡರೆ ಒಂದೊಂದಕ್ಕೆ ನಾಲ್ಕೇ ವೋಲ್ಟ್. ಅದಕ್ಕೇ ಮಿಣುಕು.

ಹಾಗಾಗಿ ನೆನಪಿಟ್ಕೊಳ್ಳಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕಿದರೆ, ಇಂಡಿಕೇಟರ್ ಹಾಕಿದಾಗ ಟೇಲ್ ಲೈಟು ಅದರ ತಾಳಕ್ಕೆ ಕುಣಿದರೆ, ಹೆಡ್‌ಲೈಟ್ ಹಾಕಿದಾಗ ಬೇರೆ ಎಂತದೋ ಹೊತ್ತಿದರೆ, ಸ್ವಿಚ್ಚು ಬಿಚ್ಚಲು ಹೋಗಬೇಡಿ. ಮೊದಲು ಅರ್ಥಿಂಗ್ ನೋಡಿ. ಪರೀಕ್ಷೆ ಎರಡು ನಿಮಿಷದ್ದು: ಬ್ಯಾಟರಿಯ ನೆಗೆಟಿವಿನಿಂದ ಒಂದು ಉದ್ದ ತಂತಿ ತಂದು ದೀಪದ ತಗಡಿಗೆ ಒತ್ತಿ ಹಿಡೀರಿ. ಲೈಟು ಸರಿಯಾದರೆ ಕಾಯಿಲೆ ಅದೇ. ಮೀಟರ್ ಇದ್ದವರು ಲೈಟು ಉರಿಸಿ ದೀಪದ ತಗಡಿಗೂ ಬ್ಯಾಟರಿಯ ನೆಗೆಟಿವಿಗೂ ನಡುವೆ ವೋಲ್ಟೇಜ್ ನೋಡಿ. 0.2ರ ಒಳಗೆ ಇರಬೇಕು. ನಮ್ಮದರಲ್ಲಿ ಎಂಟರ ಹತ್ತಿರ ತೋರಿಸಿತ್ತು.

ಮೈಲುತುತ್ತದ ವಿಷಯ

ಬಲಗಡೆ ದೀಪದ ಬ್ರಾಕೆಟ್ ಬಿಚ್ಚಿದೆ. ಎಡಗಡೆಯದಕ್ಕೆ ಸಾದಾ ತುಕ್ಕು, ಬಲಗಡೆಯದು ಕೈಗೆ ಪುಡಿ ಪುಡಿಯಾಗಿ ಬಂತು. ಬೋಲ್ಟಿನ ಮೇಲೆ ಒಂದು ಕಡೆ ತೆಳುವಾದ ಕೆಂಪು ಹೊಳಪು ಇತ್ತು, ತುಕ್ಕಿನ ಕೆಂಪಲ್ಲ, ತಾಮ್ರದ ಕೆಂಪು. ನೋಡಿದ ಕೂಡಲೇ ಗೊತ್ತಾಯ್ತು, ಯಾಕಂದ್ರೆ ಈ ಬಣ್ಣ ವರ್ಷ ವರ್ಷ ನೋಡ್ತೇವೆ. ಬೋರ್ಡೋ ದ್ರಾವಣ ಮಾಡಿದ ಮೇಲೆ ಕತ್ತಿ ಅದ್ದಿ ನೋಡ್ತೇವಲ್ಲ? ಸುಣ್ಣ ಕಡಿಮೆ ಬಿದ್ದಿದ್ದರೆ ಕತ್ತಿಯ ಅಲಗಿನ ಮೇಲೆ ಕೆಂಪು ಲೇಪ ಕೂರ್ತದೆ. ಅದೇ ಕೆಂಪು.

ಆಗುವುದು ಇಷ್ಟು. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ನೀರಿನಲ್ಲಿದ್ದ ತಾಮ್ರ ಹೊರಬಂದು ಕಬ್ಬಿಣದ ಮೇಲೆ ಕೂರ್ತದೆ, ಅದರ ಬದಲಿಗೆ ಕಬ್ಬಿಣ ಕರಗಿ ನೀರಿಗೆ ಹೋಗ್ತದೆ. ಅದಕ್ಕೇ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಅಂತ ಹಿರಿಯರು ಹೇಳುವುದು. ಸುಣ್ಣ ಸರಿಯಾಗಿ ಬಿದ್ದ ತಯಾರಾದ ದ್ರಾವಣ ಅಷ್ಟು ಹಾನಿ ಮಾಡುವುದಿಲ್ಲ. ಆದರೆ ಕೊಳೆ ಔಷಧಿಯ ಸಮಯದಲ್ಲಿ ನಾವು ಮೇಲಿನ ತೋಟಕ್ಕೆ ಒಯ್ಯುವುದು ಮನೆಯಲ್ಲೇ ಕರಗಿಸಿದ ಗಟ್ಟಿ ಮೈಲುತುತ್ತದ ನೀರನ್ನು, ಪ್ಲಾಸ್ಟಿಕ್ ಕ್ಯಾನಿನಲ್ಲಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಅಲ್ಲಿ ಹೋಗಿ ಕೂಡಿಸುವುದು. ಕ್ಯಾನು ಇಡುವ ಜಾಗ ಹಿಂದಿನ ಬಲ ಮೂಲೆ. ಕೆಂಪು ಮಣ್ಣಿನ ದಾರಿಯಲ್ಲಿ ಕುಲುಕಿ ಮುಚ್ಚಳದಿಂದ ಸೋರಿದ್ದು ನೆಲದ ತೂತಿನಿಂದ ಇಳಿದು ಬೀಳುವುದು ಸರಿಯಾಗಿ ದೀಪದ ಬ್ರಾಕೆಟ್ಟಿನ ಮೇಲೆ.

ನಮ್ಮ ಗಾಡಿಗಳ ಹಿಂದೆ ಏನೇನು ಹೋಗ್ತದೆ ಲೆಕ್ಕ ಹಾಕಿ. ಪೊಟ್ಯಾಷ್ ಚೀಲ, ಅದು ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಅಣ್ಣ. ತೆಂಗಿನ ಬುಡಕ್ಕೆ ಹಾಕುವ ಸಾಣಿಕಟ್ಟೆಯ ಉಪ್ಪು. ಮೀನಿನ ಗೊಬ್ಬರ. ಮೇಲಿಂದ ಮುರ್ಡೇಶ್ವರ, ಶಿರಾಲಿ, ಕಾಸರಕೋಡು, ಧಾರೇಶ್ವರದ ಕಡೆಯವರಿಗೆ ಸಮುದ್ರದ ಗಾಳಿ. ಘಟ್ಟದ ಮೇಲಿನವರ ಜೀಪಿನ ವೈರಿಂಗ್ ಇಪ್ಪತ್ತು ವರ್ಷ ಬಂದರೆ ನಮ್ಮದು ಬಾರದಿರುವುದಕ್ಕೆ ಆಶ್ಚರ್ಯ ಪಡಬೇಕಾಗಿಲ್ಲ.

ಉಪ್ಪಿನ ವಿಷಯದಲ್ಲಿ ಬುದ್ಧಿವಂತರು ಬೋಟಿನ ಎಲೆಕ್ಟ್ರಿಷಿಯನ್‌ಗಳು. ಕಾಸರಕೋಡು ಬಂದರಿನಲ್ಲಿ ಒಂದು ಸಂಜೆ ನಿಂತು ಅವರ ಕೆಲಸ ನೋಡಿದೆ. ಅವರು ತಂತಿ ಹೊಸೆಯುವುದೇ ಇಲ್ಲ. ಲಗ್ಗು ಒತ್ತಿ, ಒಳಗೆ ಅಂಟು ಇರುವ ಕೊಳವೆ ಹಾಕಿ ಬಿಸಿ ಮಾಡಿ ಮುದುಡಿಸ್ತಾರೆ, ಮೇಲೆ ಗ್ರೀಸು. ತಂತಿಯೂ ತವರ ಲೇಪಿಸಿದ್ದು, ಸುಲಿದರೆ ಬೆಳ್ಳಗೆ ಕಾಣ್ತದೆ. ಸ್ವಲ್ಪ ದುಬಾರಿ, ಆದರೆ ಬೇಗ ಹಸಿರಾಗುವುದಿಲ್ಲ. ಅಳಿವೆಕೋಡಿ, ತದಡಿ ಹತ್ತಿರ ಇದ್ದವರಿಗೆ ಅದು ಅಲ್ಲೇ ಸಿಗಬಹುದು, ಕೇಳಿ ನೋಡಿ.

ನಾನು ಮಾಡಿದ್ದು: ಪ್ರತಿ ದೀಪದಿಂದ ಒಂದು ಬೇರೆ ಕಪ್ಪು ತಂತಿ ಎಳೆದು, ನಾಲ್ಕನ್ನೂ ಚಾಸಿಯ ಒಂದೇ ಬೋಲ್ಟಿಗೆ ತಂದು, ಆ ಬೋಲ್ಟಿನಿಂದ ಬ್ಯಾಟರಿಯ ನೆಗೆಟಿವಿಗೆ ದಪ್ಪ ತಂತಿ ಕೊಟ್ಟೆ. ಬೋಲ್ಟು ಕೂರುವ ಜಾಗದ ಬಣ್ಣ, ತುಕ್ಕು ಎಲ್ಲ ಉಜ್ಜಿ ಬಿಳಿ ಲೋಹ ಕಂಡ ಮೇಲೆ ಬಿಗಿದು, ಮೇಲಿಂದ ವ್ಯಾಸಲೀನ್. ಈಗ ಬ್ರಾಕೆಟ್ ತುಕ್ಕು ಹಿಡಿದರೂ ದೀಪಕ್ಕೆ ಅದರ ಹಂಗಿಲ್ಲ. ಇಂಜಿನ್ನಿನಿಂದ ಚಾಸಿಗೆ ಬರುವ ಹೆಣೆದ ಪಟ್ಟಿಯನ್ನೂ ನೋಡಿ, ಎಷ್ಟೋ ಗಾಡಿಗಳಲ್ಲಿ ಅದು ಇರುವುದೇ ಇಲ್ಲ. ಕ್ಯಾನನ್ನು ಈಗ ಒಂದು ಪ್ಲಾಸ್ಟಿಕ್ ಬುಟ್ಟಿಯೊಳಗೆ ಇಟ್ಟು ಒಯ್ಯುತ್ತೇವೆ.

ಮೂರನೇ ದೋಷ: ಹಳದಿ ಹೆಡ್‌ಲೈಟು

ಹೆಡ್‌ಲೈಟು ಉರೀತಿತ್ತು, ಆದರೆ ಹಣತೆ ಬೆಳಕು. ಜನ ಮಾಡುವ ಮೊದಲ ಕೆಲಸ 100 ವ್ಯಾಟಿನ ಬಲ್ಬು ತರುವುದು. ಅದು ಎದುರಿನವನ ಕಣ್ಣಿಗೂ ಅಪಾಯ, ಕಾನೂನಿಗೂ ವಿರುದ್ಧ, ಹಳೇ ತಂತಿಗೂ ಕೇಡು. ಹೋಲ್ಡರ್ ಕರಗಿ ನಿಲ್ಲುತ್ತದೆ.

ಇಂಜಿನ್ ಚಾಲೂ ಇಟ್ಟು ಅಳೆದೆ. ಬ್ಯಾಟರಿಯಲ್ಲಿ 13.9, ಹೆಡ್‌ಲೈಟಿನ ಹೋಲ್ಡರಿನಲ್ಲಿ 11.2. ನಡುವೆ ಎರಡೂಮುಕ್ಕಾಲು ವೋಲ್ಟು ದಾರಿಯಲ್ಲೇ ಖರ್ಚು. ವೋಲ್ಟೇಜ್ ಐದರಲ್ಲೊಂದು ಪಾಲು ಬಿದ್ದರೆ ಬೆಳಕೂ ಅಷ್ಟೇ ಬೀಳ್ತದೆ ಅಂದ್ಕೊಳ್ಳಬೇಡಿ. ತಂತು ಬಲ್ಬಿನಲ್ಲಿ ವೋಲ್ಟೇಜ್ ಶೇಕಡಾ 10 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಕಡಿಮೆ. ನಮ್ಮ ಲೆಕ್ಕಕ್ಕೆ ಅರ್ಧ ಬೆಳಕು ಹೋಗಿತ್ತು. ಮಳೆಗಾಲದ ರಾತ್ರಿ ಹಳ್ಳದ ಅಂಚು ಕಾಣುವುದಕ್ಕೂ ಕಾಣದೇ ಇರುವುದಕ್ಕೂ ಅಷ್ಟೇ ವ್ಯತ್ಯಾಸ.

ಕಾರಣ ದಾರಿ ದೂರ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚು, ಅಲ್ಲಿಂದ ಕಾಲಿನಲ್ಲಿ ಒತ್ತುವ ಡಿಪ್ ಸ್ವಿಚ್ಚು, ಅಲ್ಲಿಂದ ಮತ್ತೆ ಮುಂದಕ್ಕೆ. ಎರಡು ಬಲ್ಬಿನ ಹತ್ತು ಆಂಪಿಯರ್ ಪೂರ್ತಿ ಈ ಸವೆದ ಸ್ವಿಚ್ಚುಗಳ ಮೂಲಕ ಹೋಗಬೇಕು. ಡಿಪ್ ಸ್ವಿಚ್ಚು ಇರುವುದು ಕಾಲಡಿಯಲ್ಲಿ, ಕೆಸರು ಚಪ್ಪಲಿಯ ನೀರು ಇಳಿಯುವ ಜಾಗದಲ್ಲಿ.

ಇದಕ್ಕೆ ಮದ್ದು ರಿಲೇ. ತೋಟದ ಪಂಪಿನ ಸ್ಟಾರ್ಟರ್ ಇದ್ದ ಹಾಗೆ: ಬಟನ್ ಒತ್ತುವುದು ಸಣ್ಣ ಕರೆಂಟಿಗೆ, ಮೋಟಾರಿಗೆ ದೊಡ್ಡ ಕರೆಂಟು ಬೇರೆ ದಾರಿಯಲ್ಲಿ. ಡಿಪ್ಪಿಗೆ ಒಂದು, ಬ್ರೈಟಿಗೆ ಒಂದು, ಎರಡು ರಿಲೇ ಬಾನೆಟ್ ಒಳಗೆ ಹಾಕಿದೆ. ಬ್ಯಾಟರಿಯಿಂದ ಹೊರಟ ಕೂಡಲೇ 20 ಆಂಪಿಯರಿನ ಫ್ಯೂಸ್, ಅಲ್ಲಿಂದ 2.5 ಚದರ ಮಿಲಿಮೀಟರಿನ ತಂತಿ ನೇರ ರಿಲೇಗೆ, ರಿಲೇಯಿಂದ ದೀಪಕ್ಕೆ. ಹಳೇ ಸ್ವಿಚ್ಚಿಗೆ ಈಗ ರಿಲೇ ಎಳೆಯುವ ಕೆಲಸ ಮಾತ್ರ. ಸಾಮಾನಿಗೆ ಒಂದು ಸಾವಿರದ ಒಳಗೆ ಖರ್ಚಾಯ್ತು. ಈಗ ಹೋಲ್ಡರಿನಲ್ಲಿ 13.5 ತೋರಿಸ್ತದೆ. ಬಲ್ಬು ಅದೇ ಹಳೇ 60/55 ವ್ಯಾಟಿನದ್ದು.

ನಾಲ್ಕನೇ ದೋಷ: ಫ್ಯೂಸ್ ತಿನ್ನುವ ಜಾಗ

ಕಡೆಗೆ ಉಳಿದದ್ದು ಅಪಾಯದ್ದು. ಫ್ಯೂಸ್ ಬಾಕ್ಸಿನಲ್ಲಿ ಟೇಲ್ ಲೈಟಿನ ಫ್ಯೂಸಿಗೆ ಯಾರೋ ಒಂದು ಕಾಲದಲ್ಲಿ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದ್ದು ಸಿಕ್ಕಿತು. ಅಂದರೆ ಫ್ಯೂಸ್ ಹೋಗ್ತಿತ್ತು, ಕಾರಣ ಹುಡುಕುವ ಬದಲು ಫ್ಯೂಸ್ ಹೋಗದ ಹಾಗೆ ಮಾಡಿದ್ದಾರೆ. ಹಾಗೆ ಮಾಡಿದರೆ ಮುಂದೆ ಸುಡುವುದು ತಂತಿ, ಆ ತಂತಿಯ ಕಟ್ಟು ಡೀಸೆಲ್ ಪೈಪಿನ ಪಕ್ಕದಲ್ಲೇ ಹೋಗ್ತದೆ. ಸರಿಯಾದ ಫ್ಯೂಸ್ ಹಾಕಿದೆ, ಕಲ್ಲಿನ ದಾರಿಯಲ್ಲಿ ಒಂದು ಸುತ್ತು ಹೋಗಿ ಬರುವುದರೊಳಗೆ ಹೋಯ್ತು.

ಇಂಥ ಬಂದು ಹೋಗುವ ಶಾರ್ಟ್ ಹುಡುಕಲು ಒಂದು ಉಪಾಯ ಇದೆ, ಫ್ಯೂಸಿನ ಡಬ್ಬಿ ಖಾಲಿ ಮಾಡುವುದು ಬೇಡ. ಆ ಸಾಲಿನ ಬಲ್ಬುಗಳನ್ನೆಲ್ಲ ತೆಗೀರಿ. ಫ್ಯೂಸ್ ಇರುವ ಜಾಗಕ್ಕೆ ಟೆಸ್ಟ್ ಲ್ಯಾಂಪಿನ ಎರಡು ತುದಿ ಕೊಟ್ಟು ಟೇಲ್ ಲೈಟಿನ ಸ್ವಿಚ್ಚು ಹಾಕಿಡಿ. ಶಾರ್ಟ್ ಇಲ್ಲದಿದ್ದರೆ ಲ್ಯಾಂಪು ಹೊತ್ತುವುದಿಲ್ಲ. ಈಗ ತಂತಿಯ ಕಟ್ಟನ್ನು ಮುಂದಿನಿಂದ ಹಿಂದಕ್ಕೆ ಗೇಣು ಗೇಣು ಅಲುಗಾಡಿಸ್ತಾ ಬನ್ನಿ. ಎಲ್ಲಿ ಕೈ ತಾಗಿದಾಗ ಲ್ಯಾಂಪು ಪೂರ್ತಿ ಹೊತ್ತಿತೋ ಅಲ್ಲೇ ಇದೆ. ಕರೆಂಟು ಲ್ಯಾಂಪಿನ ಮೂಲಕವೇ ಹೋಗಬೇಕಾದ್ದರಿಂದ ಎರಡು ಆಂಪಿಯರ್ ದಾಟುವುದಿಲ್ಲ, ತಂತಿ ಸುಡುವುದಿಲ್ಲ.

ನಮ್ಮದರಲ್ಲಿ ಸಿಕ್ಕಿದ್ದು ಎರಡು ಕಡೆ. ಚಾಸಿಯ ತೂತಿನಲ್ಲಿ ತಂತಿ ಹಾಯುವ ಜಾಗದ ರಬ್ಬರ್ ಬಳೆ ಇಲ್ಲದೆ ತಗಡಿನ ಅಂಚು ನಲವತ್ತು ವರ್ಷ ಗರಗಸದ ಹಾಗೆ ಕೊಯ್ದಿತ್ತು. ಇನ್ನೊಂದು ಇಲಿ ಕಡಿದದ್ದು. ಅಡಿಕೆ ಒಣಗಿಸುವ ಮಾಡಿನ ಪಕ್ಕ ಜೀಪು ನಿಲ್ಲಿಸಿದರೆ ಮಳೆಗಾಲದಲ್ಲಿ ಇಲಿಗೆ ಬಾನೆಟ್ ಒಳಗೆ ಬೆಚ್ಚಗೆ ಮನೆ. ತಂತಿಗೆಲ್ಲ ಸೀಳಿದ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಪ್ರತಿ ತೂತಿಗೂ ರಬ್ಬರ್ ಬಳೆ ಹಾಕಿದೆ. ಟ್ಯೂಬಿನ ತುಂಡು ಸೀಳಿ ಹಾಕಿದರೂ ನಡೀತದೆ.

ಕಾಗದ ಪತ್ರದ್ದು

ಹಳೇ ಗಾಡಿ ಇಟ್ಟವರು ಕೇಳ್ತಾ ಇರ್ತಾರೆ, ಇದನ್ನು ವಿಂಟೇಜ್ ಅಂತ ಮಾಡಿಸಬಹುದಾ ಅಂತ. 2021ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಕ್ಕೆ ಆದ ತಿದ್ದುಪಡಿ ಪ್ರಕಾರ ವಿಂಟೇಜ್ ಅಂದರೆ 50 ವರ್ಷ ದಾಟಿದ ಎರಡು ಚಕ್ರ, ನಾಲ್ಕು ಚಕ್ರದ ಗಾಡಿ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿಗೆ ಮಾತ್ರ. ನಮ್ಮ ಜೀಪಿಗೆ 2033ಕ್ಕೆ ಐವತ್ತಾಗ್ತದೆ. ಆಗಲೂ ನನಗೆ ಆ ಪಟ್ಟ ಬೇಡ. ಮೇಲಿನ ಒಂಬತ್ತು ಮನೆಗೆ ಪ್ರದರ್ಶನದ ಗಾಡಿಯಿಂದ ಎಂತ ಪ್ರಯೋಜನ?

ನಮಗೆ ಲೆಕ್ಕಕ್ಕಿರುವುದು ಸಾದಾ ನವೀಕರಣ. ಖಾಸಗಿ ಗಾಡಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ. ನಮ್ಮದು 2023ರಲ್ಲಿ ಆಗಿದೆ, ಇನ್ನು 2028. ತಪಾಸಣೆಗೆ ಹೋದಾಗ ಮೊದಲು ನೋಡುವುದು ಲೈಟು, ಇಂಡಿಕೇಟರ್, ಹಿಂದಿನ ಪ್ರತಿಫಲಕ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು. ಅದಕ್ಕಿಂತ ಜೋರಾಗಿ ಹೊಡ್ಕೊಂಡರೆ ಒಂದೋ ಒಂದು ಬಲ್ಬು ಹೋಗಿದೆ, ಇಲ್ಲ ಯಾರೋ ಎಲ್‌ಇಡಿ ಹಾಕಿ ಹಳೇ ಫ್ಲಾಷರನ್ನೇ ಬಿಟ್ಟಿದ್ದಾರೆ.

ಮಿರ್ಗಕ್ಕೆ ಮೊದಲು

ಒಬ್ಬರು ಒಳಗೆ ಕೂತು, ಒಬ್ಬರು ಹೊರಗೆ ನಿಂತು ನೋಡಿ. ಒಂದೊಂದೇ ಲೈಟು ಹಾಕಿ ನೋಡಿದರೆ ಸಾಲದು. ಹೆಡ್‌ಲೈಟು, ಬ್ರೇಕು, ಇಂಡಿಕೇಟರ್ ಮೂರೂ ಒಟ್ಟಿಗೆ ಹಾಕಿ ನೋಡಬೇಕು, ಅರ್ಥಿಂಗ್ ದೋಷ ತಲೆ ಎತ್ತುವುದು ಆಗಲೇ. ಆಮೇಲೆ ತೋಟದ ಪೈಪಿನಿಂದ ಹಿಂದಿನ ದೀಪ, ಚಾಸಿಯ ಅಡಿಗೆಲ್ಲ ಹತ್ತು ನಿಮಿಷ ನೀರು ಬಿಟ್ಟು ಮತ್ತೊಮ್ಮೆ ನೋಡಿ. ನನ್ನ ಪ್ರಕಾರ ಅದೇ ಪೂರ್ತಿ ಪರೀಕ್ಷೆ. ನೀರು ಬಿಟ್ಟ ಮೇಲೂ ಉರಿದದ್ದು ಆಷಾಢದಲ್ಲೂ ಉರೀತದೆ.

ಹಿಂದೆ ಎರಡೂ ಬದಿಗೆ ಕೆಂಪು ಪ್ರತಿಫಲಕ, ಅಡ್ಡಕ್ಕೆ ಒಂದು ಪ್ರತಿಫಲಿಸುವ ಪಟ್ಟಿ ಅಂಟಿಸಿ. ಅದಕ್ಕೆ ತಂತಿ ಬೇಡ, ಫ್ಯೂಸು ಬೇಡ, ಅರ್ಥಿಂಗೂ ಬೇಡ. ಪವರ್ ಟಿಲ್ಲರ್, ಟ್ರೇಲರ್ ಇಟ್ಟವರು ಇದನ್ನಾದರೂ ಇವತ್ತೇ ಮಾಡಿ. ಹೆದ್ದಾರಿ 66 ಅಗಲ ಆದ ಮೇಲೆ ಗಾಡಿಗಳು ಬರುವ ವೇಗ ನಿಮಗೇ ಗೊತ್ತಿದೆ, ನಾವು ಕತ್ತಲಲ್ಲಿ ಅದಕ್ಕೆ ಅಡ್ಡ ಹಾಯುವವರು.

ಮೀಟರ್, ಟೆಸ್ಟ್ ಲ್ಯಾಂಪ್, ಲಗ್ಗಿನ ಇಕ್ಕಳ ನಮ್ಮ ಮನೆಯಲ್ಲಿ ಇದೆ. ಬೇಕಾದವರು ಒಯ್ಯಬಹುದು, ಮಳೆ ಹಿಡಿಯುವುದರೊಳಗೆ ವಾಪಸ್ ಕೊಟ್ಟರೆ ಸಾಕು. ಜೀಪನ್ನೇ ತಂದರೆ ಒಂದು ಮಧ್ಯಾಹ್ನ ಒಟ್ಟಿಗೆ ಕೂತು ನೋಡುವ, ಮಜ್ಜಿಗೆಗೆ ತೊಂದರೆ ಇಲ್ಲ. ಬರುವಾಗ ಹಗಲಲ್ಲೇ ಬನ್ನಿ.